ಸುನಯನಿ ದೇವಿಯವರ ಸ್ತ್ರೀಚಿತ್ರಗಳು: ಸ್ವಯಂಕಲಿಕೆ ಮತ್ತು ದೇಸಿ ದೃಷ್ಟಿ

ಆಧುನಿಕ ಭಾರತೀಯ ಚಿತ್ರಕಲೆಯ ಚರಿತ್ರೆಯಲ್ಲಿ ಕಲ್ಕತ್ತೆಯ ಜೋಡಾಸಾಂಕೊ ಠಾಕೂರ್ ಮನೆತನಕ್ಕೆ ವಿಶಿಷ್ಟವಾದ ಸ್ಥಾನವಿದೆ. ಅವನೀಂದ್ರನಾಥ (1871-1951), ಗಗನೇಂದ್ರನಾಥ (1867-1938) ಹಾಗೂ ರವೀಂದ್ರನಾಥ (1861-1941) ಈ ಮೂವರೂ ಬೇರೆ ಬೇರೆ ದಿಕ್ಕಿನಲ್ಲಿ ನಮ್ಮ ಚಿತ್ರಕಲೆಯನ್ನು ಮುನ್ನಡೆಸಿದರು. ಇವರ ಕೃತಿಗಳ ಬಗೆಗೆ ಭಾರತೀಯ ಭಾಷೆಗಳಲ್ಲಿಯೂ ಇಂಗ್ಲಿಷಿನಲ್ಲಿಯೂ ಹೇರಳವಾದ ಬರವಣಿಗೆ ಲಭ್ಯವಿದೆ. ಆದರೆ ಅದೇ ಮನೆಯಲ್ಲಿ ಹುಟ್ಟಿ, ಯಾವ ಕಲಾಶಾಲೆಯ ಮೆಟ್ಟಿಲನ್ನೂ ಹತ್ತದೆ, ಸಂಸಾರದ ನಡುವೆಯೇ ಕುಳಿತು ಚಿತ್ರ ಬರೆದ ಸುನಯನಿ ದೇವಿಯವರ (1875-1962) ಹೆಸರು ಸಾಮಾನ್ಯವಾಗಿ ಅಣ್ಣಂದಿರ ಹೆಸರಿನ ಹಿಂದೆ ಒಂದು ಸಾಲಿನಲ್ಲಿ ಬಂದು ಮುಗಿಯುತ್ತದೆ. ಆ ಒಂದು ಸಾಲಿನಲ್ಲಿಯೂ ತಪ್ಪದೆ ಕಾಣಿಸಿಕೊಳ್ಳುವ ವಿಶೇಷಣ ‘ಸ್ವಯಂಕಲಿತ’ ಎಂಬುದು.

ಕಲೆಯನ್ನು ಕುರಿತ ಚರ್ಚೆಯಲ್ಲಿ ಈ ವಿಶೇಷಣ ಎರಡು ರೀತಿಯಲ್ಲಿ ಬಳಕೆಯಾಗುತ್ತದೆ. ಒಂದು, ಗುರುವಿಲ್ಲದೆ ಸಾಧಿಸಿದ ಪ್ರತಿಭೆ ಎಂಬ ಮೆಚ್ಚುಗೆಯ ಅರ್ಥದಲ್ಲಿ. ಇನ್ನೊಂದು, ಪರಂಪರೆಯ ಅರಿವಿಲ್ಲದ, ಮುಗ್ಧವಾದ, ಎಳಸಾದ ರಚನೆ ಎಂಬ ರಿಯಾಯಿತಿಯ ಅರ್ಥದಲ್ಲಿ. ಸುನಯನಿಯವರ ಪಾಲಿಗೆ ಹೆಚ್ಚಾಗಿ ಬಂದದ್ದು ಈ ಎರಡನೆಯ ಅರ್ಥವೇ. ಅವರ ಸ್ತ್ರೀಚಿತ್ರಗಳನ್ನು ಜಾನಪದ ಅಧ್ಯಯನದ ನೆಲೆಯಿಂದ ನೋಡಿದಾಗ ಈ ಗ್ರಹಿಕೆ ನಿಲ್ಲುವುದಿಲ್ಲ. ಅವರು ಶಾಲೆಯಲ್ಲಿ ಕಲಿಯಲಿಲ್ಲವೆಂಬುದು ನಿಜ; ಕಲಿಯಲೇ ಇಲ್ಲವೆಂಬುದು ನಿಜವಲ್ಲ. ಅವರ ಕಲಿಕೆಯ ನೆಲೆಗಳನ್ನು ಗುರುತಿಸುವುದು, ಆ ಕಲಿಕೆಯಿಂದಲೇ ಅವರ ಹೆಣ್ಣಿನ ಮುಖಗಳಿಗೆ ಭಾವದ ಹಾಗೂ ಅಧ್ಯಾತ್ಮದ ಆಳ ಹೇಗೆ ಒದಗಿತೆಂಬುದನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

1. ಮನೆ ಮತ್ತು ಬದುಕು

ಸುನಯನಿಯವರು 1875ರ ಜೂನ್ 18ರಂದು ಕಲ್ಕತ್ತೆಯಲ್ಲಿ ಗುಣೇಂದ್ರನಾಥ ಠಾಕೂರ್ ಮತ್ತು ಸೌದಾಮಿನೀ ದೇವಿಯವರ ಮಗಳಾಗಿ ಜನಿಸಿದರು. ಗಗನೇಂದ್ರನಾಥ, ಸಮರೇಂದ್ರನಾಥ ಮತ್ತು ಅವನೀಂದ್ರನಾಥ ಇವರ ಅಣ್ಣಂದಿರು. ಗುಣೇಂದ್ರನಾಥರು ರವೀಂದ್ರನಾಥರ ಚಿಕ್ಕಪ್ಪನ ಮಗ. ಆದುದರಿಂದ ಸುನಯನಿಯವರಿಗೆ ರವೀಂದ್ರನಾಥರು ಸಂಬಂಧದಲ್ಲಿ ಚಿಕ್ಕಪ್ಪನಾಗಬೇಕು.

ಇಲ್ಲಿ ಠಾಕೂರ್ ಮನೆತನದ ಎರಡು ಕವಲುಗಳ ವ್ಯತ್ಯಾಸವನ್ನು ಗಮನಿಸುವುದು ಅಗತ್ಯ. ರವೀಂದ್ರನಾಥರ ತಂದೆ ದೇವೇಂದ್ರನಾಥರು ಬ್ರಹ್ಮಸಮಾಜವನ್ನು ಸ್ವೀಕರಿಸಿ ವಿಗ್ರಹಾರಾಧನೆಯನ್ನು ತ್ಯಜಿಸಿದರು. ಅವರ ತಮ್ಮ ಗಿರೀಂದ್ರನಾಥರ ಕುಟುಂಬ ಹಾಗೆ ಮಾಡಲಿಲ್ಲ. ಗಿರೀಂದ್ರನಾಥರ ಪತ್ನಿ ಯೋಗಮಾಯಾ ದೇವಿಯವರು ಮನೆದೇವರಾದ ಲಕ್ಷ್ಮೀಜನಾರ್ದನನೊಂದಿಗೆ ಬೇರೆಯಾಗಿ, ‘ಐದನೇ ನಂಬರಿನ ಮನೆ’ ಎಂದು ಹೆಸರಾದ ಪಕ್ಕದ ಮನೆಯಲ್ಲಿ ನೆಲೆಸಿದರು. ಈ ಯೋಗಮಾಯಾ ದೇವಿಯವರೇ ಸುನಯನಿಯವರ ಅಜ್ಜಿ. ಆರನೇ ನಂಬರಿನ ಮನೆಯಲ್ಲಿ ನಿರಾಕಾರದ ಉಪಾಸನೆ ನಡೆಯುತ್ತಿದ್ದಾಗ ಐದನೇ ನಂಬರಿನ ಮನೆಯಲ್ಲಿ ವೈಷ್ಣವ ಪೂಜೆ, ಹಬ್ಬ, ವ್ರತಗಳು ಹಾಗೆಯೇ ಮುಂದುವರಿದವು. ಮುಂದೆ ಸುನಯನಿಯವರ ಕುಂಚದಲ್ಲಿ ರಾಧೆ, ಯಶೋದೆ, ಅರ್ಧನಾರೀಶ್ವರರು ಅಷ್ಟು ಸಹಜವಾಗಿ ಮೂಡಿದುದಕ್ಕೆ ಈ ಮನೆಯ ಆಚರಣೆಯ ಹಿನ್ನೆಲೆಯಿದೆ.

ಸುನಯನಿಯವರು ಆರು ವರ್ಷದವರಿದ್ದಾಗ, 1881ರಲ್ಲಿ, ತಂದೆ ತೀರಿಕೊಂಡರು. ಹನ್ನೆರಡನೆಯ ವಯಸ್ಸಿನಲ್ಲಿ ಅವರಿಗೆ ರಾಜಾ ರಾಮಮೋಹನ ರಾಯ್ ಅವರ ವಂಶಕ್ಕೆ ಸೇರಿದ ರಜನೀಮೋಹನ ಚಟ್ಟೋಪಾಧ್ಯಾಯರೊಡನೆ ವಿವಾಹವಾಯಿತು. ಮಕ್ಕಳು, ಬಂಧುಬಳಗ, ಆಳುಕಾಳುಗಳಿಂದ ತುಂಬಿದ ದೊಡ್ಡ ಸಂಸಾರದ ಹೊಣೆ ಅವರದಾಯಿತು. ಅವರು ಕುಂಚ ಹಿಡಿದದ್ದು ಮೂವತ್ತರ ಆಸುಪಾಸಿನಲ್ಲಿ, ಪತಿಯ ಪ್ರೋತ್ಸಾಹದಿಂದ. ಮಂಚದ ಮೇಲೆ ಕುಳಿತು, ಒಂದು ಕಣ್ಣನ್ನು ಮನೆಗೆಲಸದ ಮೇಲಿಟ್ಟುಕೊಂಡೇ ಅವರು ಪ್ರತಿದಿನ ಬೆಳಿಗ್ಗೆ ಮತ್ತು ಮಧ್ಯಾಹ್ನ ನಿಗದಿತ ವೇಳೆಯಲ್ಲಿ ಚಿತ್ರ ಬರೆಯುತ್ತಿದ್ದರೆಂದು ಅವರನ್ನು ಕುರಿತ ಬರಹಗಳು ದಾಖಲಿಸುತ್ತವೆ. ಅವರಿಗೆ ಪ್ರತ್ಯೇಕವಾದ ಚಿತ್ರಶಾಲೆ ಇರಲಿಲ್ಲ. ಆದರೆ ದಿನಚರಿಯ ಶಿಸ್ತು ಇತ್ತು.

ಆ ಕಾಲದ ಕಲಾಶಿಕ್ಷಣದ ಸ್ವರೂಪವನ್ನು ಅರಿಯಲು ಕರ್ನಾಟಕಕ್ಕೆ ಸಂಬಂಧಿಸಿದ ಒಂದು ನಿದರ್ಶನವನ್ನು ನೋಡಬಹುದು. ಮೈಸೂರಿನ ಕೆ. ವೆಂಕಟಪ್ಪನವರು (1886-1965) ಸಂಸ್ಥಾನದ ನೆರವಿನಿಂದ 1909ರಲ್ಲಿ ಕಲ್ಕತ್ತೆಗೆ ತೆರಳಿ, ಅಲ್ಲಿನ ಸರ್ಕಾರಿ ಕಲಾಶಾಲೆಯಲ್ಲಿ ಅವನೀಂದ್ರನಾಥರ ಶಿಷ್ಯರಾಗಿ ಅಭ್ಯಾಸ ಮಾಡಿದರು. ಸಾವಿರಾರು ಕಿಲೋಮೀಟರ್ ದೂರದ ತರುಣನೊಬ್ಬ ಅವನೀಂದ್ರನಾಥರ ಮುಂದೆ ಕ್ರಮಬದ್ಧವಾಗಿ ಕಲಿಯುತ್ತಿದ್ದ ಅದೇ ವರ್ಷಗಳಲ್ಲಿ, ಅವರ ಒಡಹುಟ್ಟಿದ ತಂಗಿ ಮನೆಯೊಳಗೆ ಕುಳಿತು ತಾನೇ ದಾರಿ ಹುಡುಕಿಕೊಳ್ಳುತ್ತಿದ್ದರು. ಅಂತಃಪುರದ ಹೆಣ್ಣುಮಕ್ಕಳಿಗೆ ಶಾಲೆಯ ದಾರಿ ತೆರೆದಿರಲಿಲ್ಲ. ಆದ್ದರಿಂದ ಸುನಯನಿಯವರ ‘ಸ್ವಯಂಕಲಿಕೆ’ಯನ್ನು ಕೇವಲ ವೈಯಕ್ತಿಕ ಸ್ವಭಾವದ ಲಕ್ಷಣವೆಂದು ತಿಳಿಯಲಾಗದು, ಅದು ಒಂದು ಸಾಮಾಜಿಕ ಸ್ಥಿತಿಯ ಫಲವೂ ಹೌದು.

2. ಕಲಿಕೆಯ ನೆಲೆಗಳು

ಸುನಯನಿಯವರ ಕಣ್ಣನ್ನು ರೂಪಿಸಿದ ಮೂಲಗಳನ್ನು ಸ್ಥೂಲವಾಗಿ ಮೂರು ಬಗೆಯಾಗಿ ವಿಂಗಡಿಸಬಹುದು.

ಮೊದಲನೆಯದು ಜನಪದ ಚಿತ್ರ ಮತ್ತು ಗೊಂಬೆಗಳ ಲೋಕ. ಬಂಗಾಳದ ಪಟುವಾಗಳು ಊರೂರು ತಿರುಗಿ, ಉದ್ದನೆಯ ಸುರುಳಿ ಪಟಗಳನ್ನು ಬಿಚ್ಚುತ್ತ, ಕಥೆಯನ್ನು ಹಾಡಿ ಹೇಳುತ್ತಿದ್ದ ವೃತ್ತಿಗಾಯಕ-ಚಿತ್ರಕಾರರು. ಅವರಲ್ಲಿ ಕೆಲವರು ಹತ್ತೊಂಬತ್ತನೆಯ ಶತಮಾನದಲ್ಲಿ ಕಲ್ಕತ್ತೆಯ ಕಾಳೀ ದೇವಾಲಯದ ಸುತ್ತ ನೆಲೆಸಿ, ಗಿರಣಿ ಕಾಗದದ ಮೇಲೆ ಜಲವರ್ಣದಲ್ಲಿ ಬೇಗಬೇಗನೆ ಬಿಡಿಚಿತ್ರಗಳನ್ನು ಬರೆದು ಯಾತ್ರಿಕರಿಗೆ ಮಾರತೊಡಗಿದರು. ಇವೇ ಕಾಳೀಘಾಟ್ ಪಟಗಳು. ತುಂಬಿದ ಬಾಗುರೇಖೆ, ಖಾಲಿ ಹಿನ್ನೆಲೆ, ಒಂದೋ ಎರಡೋ ಆಕೃತಿಗಳು, ಉದ್ದನೆಯ ಕಣ್ಣು ಇವು ಅವುಗಳ ಗುರುತು. ಇವುಗಳ ಜೊತೆಗೆ ಕೃಷ್ಣನಗರದ ಮಣ್ಣಿನ ಗೊಂಬೆಗಳು ಬಂಗಾಳದ ಮನೆಗಳಲ್ಲಿ ಬಳಕೆಯಲ್ಲಿದ್ದವು. ಸುನಯನಿಯವರ ಆಕೃತಿಗಳ ದುಂಡು ಮುಖ, ಅಲುಗಾಡದ ನಿಲುವು ಮತ್ತು ಸರಳ ಮೈಕಟ್ಟು ಈ ಪಟ ಹಾಗೂ ಗೊಂಬೆಗಳೆರಡನ್ನೂ ನೆನಪಿಸುತ್ತವೆ.

ಎರಡನೆಯದು ಹೆಂಗಸರ ಗೃಹಕಲೆಯ ಲೋಕ. ಬಂಗಾಳದ ಹೆಂಗಸರು ವ್ರತದ ಸಂದರ್ಭದಲ್ಲಿ ಅಕ್ಕಿಹಿಟ್ಟಿನ ನೀರಿನಿಂದ ನೆಲದ ಮೇಲೆ ಬರೆಯುವ ಚಿತ್ತಾರಕ್ಕೆ ಆಲ್ಪನಾ ಎಂದು ಹೆಸರು. ಹಳೆಯ ಸೀರೆಗಳನ್ನು ಪದರಪದರವಾಗಿ ಜೋಡಿಸಿ, ಸೀರೆಯ ಅಂಚಿನಿಂದ ತೆಗೆದ ಬಣ್ಣದ ದಾರದಿಂದ ಹೊಲಿದು ಚಿತ್ರ ಮೂಡಿಸುವ ಹೊದಿಕೆಗೆ ಕಾಂಥಾ ಎಂದು ಹೆಸರು. ಇದು ನಮ್ಮ ಕೌದಿಯ ಹತ್ತಿರದ ಬಂಧು. ಆಲ್ಪನಾ ಮತ್ತು ವ್ರತಗಳ ಮಹತ್ವವನ್ನು ವಿದ್ವತ್ ಲೋಕಕ್ಕೆ ಮೊದಲು ಎತ್ತಿ ತೋರಿಸಿದವರಲ್ಲಿ ಅವನೀಂದ್ರನಾಥರೇ ಪ್ರಮುಖರು. ಅವರ ‘ಬಾಂಗ್ಲಾರ್ ವ್ರತ’ 1919ರಲ್ಲಿ ಪ್ರಕಟವಾಯಿತು. ಅಣ್ಣನಿಗೆ ಅಧ್ಯಯನದ ವಸ್ತುವಾದದ್ದು ತಂಗಿಗೆ ಬದುಕಿನ ಭಾಗವಾಗಿತ್ತು ಎಂಬುದು ಇಲ್ಲಿ ಮುಖ್ಯ. ಆಲ್ಪನಾದಲ್ಲಿ ಮುಂಚಿತವಾಗಿ ಕರಡು ಗೆರೆ ಹಾಕುವ ಪದ್ಧತಿಯಿಲ್ಲ. ಬೆರಳಿನಿಂದ ಇಳಿದ ಗೆರೆಯೇ ಕೊನೆಯ ಗೆರೆ. ಸುನಯನಿಯವರೂ ಕರಡುರೇಖೆ ಇಲ್ಲದೆ ನೇರವಾಗಿ ಕುಂಚದಿಂದಲೇ ಆಕೃತಿಯನ್ನು ಬರೆಯುತ್ತಿದ್ದರು.

ಮೂರನೆಯದು ಮುದ್ರಿತ ಚಿತ್ರಗಳು ಹಾಗೂ ತವರಿನ ಕಲಾವಾತಾವರಣ. ರವಿವರ್ಮನ ದೇವದೇವತೆಯರ ಅಚ್ಚುಚಿತ್ರಗಳು ಆ ವೇಳೆಗೆ ದೇಶದ ಮನೆಮನೆಯ ಗೋಡೆಯನ್ನೂ ಸೇರಿದ್ದವು. ಬಾಲ್ಯದಲ್ಲಿ ಬಂಧುವೊಬ್ಬರ ಕೋಣೆಯಲ್ಲಿ ಕಂಡ ಇಂತಹ ಚಿತ್ರಗಳು ತಮ್ಮನ್ನು ಸೆಳೆದಿದ್ದವೆಂದು ಸುನಯನಿಯವರು ಸ್ಮರಿಸಿಕೊಂಡಿದ್ದುಂಟು. ಇದರ ಜೊತೆಗೆ ಐದನೇ ನಂಬರಿನ ಮನೆಯ ದಕ್ಷಿಣದ ಜಗುಲಿಯಲ್ಲಿ ಅಣ್ಣಂದಿರು ಕುಳಿತು ಚಿತ್ರ ಬರೆಯುತ್ತಿದ್ದುದನ್ನು ಅವರು ಕಣ್ಣಾರೆ ಕಂಡವರು. ಜಪಾನಿನ ಯೊಕೊಯಾಮಾ ತಾಯ್ಕಾನ್ ಮತ್ತು ಹಿಶಿದಾ ಶುನ್ಸೊ ಅವರು 1903ರಲ್ಲಿ ಕಲ್ಕತ್ತೆಗೆ ಬಂದಾಗ ಅವರಿಂದ ಪ್ರೇರಿತರಾಗಿ ಅವನೀಂದ್ರನಾಥರು ರೂಪಿಸಿದ ‘ವಾಷ್’ ವಿಧಾನ, ಅಂದರೆ ಬಣ್ಣ ಹಚ್ಚಿದ ಕಾಗದವನ್ನು ನೀರಿನಲ್ಲಿ ತೊಯ್ಸಿ ಬಣ್ಣವನ್ನು ಮಂದಗೊಳಿಸುವ ಕ್ರಮ, ತಂಗಿಯ ಕೈಗೆ ಬಂದದ್ದು ಹೀಗೆ ನೋಡಿ ಕಲಿತುದರಿಂದಲೇ.

ಕರ್ನಾಟಕದ ಜಾನಪದ ಸಂಶೋಧಕರಿಗೆ ‘ಕಲಿಸದೆ ಕಲಿತ’ ಕಲೆಯ ಪ್ರಶ್ನೆ ಹೊಸದಲ್ಲ. ಮಲೆನಾಡಿನ ದೀವರ ಹೆಣ್ಣುಮಕ್ಕಳು ಗೋಡೆಯ ಮೇಲೆ ಬರೆಯುವ ಹಸೆ ಚಿತ್ತಾರಕ್ಕೆ ಶಾಲೆಯಿಲ್ಲ, ಪಠ್ಯವಿಲ್ಲ. ಆದರೂ ಕೆಮ್ಮಣ್ಣಿನ ಬಳಿತ, ಅಕ್ಕಿಯ ಬಿಳುಪು, ಪುಂಡಿನಾರಿನ ಕುಂಚ, ಎಳೆಗಳ ಲೆಕ್ಕ ಇವೆಲ್ಲವೂ ಅವ್ವನಿಂದ ಮಗಳಿಗೆ ಕಟ್ಟುನಿಟ್ಟಾಗಿ ದಾಟಿ ಬಂದಿವೆ. ಚಿತ್ತಾರ ಬರೆಯುವ ಹೆಂಗಸನ್ನು ಯಾರೂ ‘ಸ್ವಯಂಕಲಿತೆ’ ಎನ್ನುವುದಿಲ್ಲ. ಅವಳ ಹಿಂದೆ ಪರಂಪರೆಯಿದೆ ಎಂದು ನಾವು ಒಪ್ಪುತ್ತೇವೆ. ಅದೇ ಅರಿವನ್ನು ಕಾಗದದ ಮೇಲೆ ಚಿತ್ರ ಬರೆದ ಗೃಹಿಣಿಗೂ ಅನ್ವಯಿಸಬೇಕಾಗಿದೆ.

ಹೀಗೆಂದ ಮಾತ್ರಕ್ಕೆ ಸುನಯನಿಯವರನ್ನು ಜನಪದ ಕಲಾವಿದೆಯೆಂದು ಕರೆಯುವುದು ಸರಿಯಾಗದು. ಪಟುವಾನಿಗೆ ಪಟ ಜೀವನೋಪಾಯ. ಸುನಯನಿಯವರಿಗೆ ಅದು ಹಾಗಿರಲಿಲ್ಲ. ಅವರು ಶ್ರೀಮಂತ, ವಿದ್ಯಾವಂತ ಮನೆತನದವರು. ಅವರ ಚಿತ್ರಗಳು ಪ್ರದರ್ಶನಗಳಲ್ಲಿ ತೂಗುಬಿದ್ದವೇ ಹೊರತು ಆಚರಣೆಯಲ್ಲಿ ಬಳಕೆಯಾಗಲಿಲ್ಲ. ಮಾರ್ಗ ಮತ್ತು ದೇಸಿ ಎಂಬ ನಮ್ಮ ಪರಿಭಾಷೆಯಲ್ಲಿ ಹೇಳುವುದಾದರೆ, ಅವರು ಮಾರ್ಗದ ಮನೆಯಲ್ಲಿ ಕುಳಿತು ದೇಸಿಯ ಕಣ್ಣಿನಿಂದ ನೋಡಿದವರು.

3. ರಚನಾವಿಧಾನ

ಅವರ ರಚನಾಕ್ರಮವನ್ನು ಹತ್ತಿರದಿಂದ ಕಂಡು ಬರೆದವರು ಕಲಾ ಇತಿಹಾಸಕಾರ್ತಿ ಸ್ಟೆಲ್ಲಾ ಕ್ರಾಮ್ರಿಶ್ (1896-1993). ಮೊದಲು ಕೆಂಪು ಅಥವಾ ಕಪ್ಪು ಬಣ್ಣದಲ್ಲಿ ಕುಂಚದಿಂದ ಆಕೃತಿಯ ಹೊರರೇಖೆ ಮೂಡುತ್ತದೆ. ತೆಳು ಕುಂಚದಿಂದ ಅದರೊಳಗೆ ಬಣ್ಣ ತುಂಬಲಾಗುತ್ತದೆ. ಅನಂತರ ಕಾಗದವನ್ನು ನೀರಿನ ಪಾತ್ರೆಯಲ್ಲಿ ಅದ್ದಲಾಗುತ್ತದೆ. ಬಣ್ಣ ಕಾಗದದ ಒಳಕ್ಕೆ ಹೀರಿಕೊಂಡು, ಗೆರೆ ಮಾಸಿ, ಮಸುಕಾದ ಆಕಾರಗಳು ಉಳಿಯುತ್ತವೆ. ಆ ಮಸುಕಿನಲ್ಲಿ ಕಂಡ ರೂಪವನ್ನು ಮತ್ತೆ ಕುಂಚದಿಂದ ಸ್ಪಷ್ಟಗೊಳಿಸಲಾಗುತ್ತದೆ.

ಈ ವಿಧಾನಕ್ಕೂ ಚಿತ್ರಗಳ ಭಾವಕ್ಕೂ ನೇರವಾದ ಸಂಬಂಧವಿದೆ. ತೊಳೆಯುವುದರಿಂದ ಬಣ್ಣದ ತೀಕ್ಷ್ಣತೆ ಹೋಗಿ ಮೃದುವಾದ ಒಂದು ಪೊರೆ ಇಡೀ ಚಿತ್ರವನ್ನು ಆವರಿಸುತ್ತದೆ. ಮುಖವು ಹಿನ್ನೆಲೆಯಿಂದ ಕತ್ತರಿಸಿದಂತೆ ಬೇರ್ಪಡದೆ ಅದರೊಳಗಿನಿಂದ ಮೇಲೆ ಬಂದಂತೆ ತೋರುತ್ತದೆ. ತಮ್ಮ ಎಷ್ಟೋ ಚಿತ್ರಗಳನ್ನು ಮೊದಲು ಕನಸಿನಲ್ಲಿ ಕಂಡು ಆಮೇಲೆ ಬರೆದುದಾಗಿ ಸುನಯನಿಯವರು ಹೇಳಿಕೊಂಡಿದ್ದರು. ಈ ಮಾತನ್ನು ಹಿಡಿದು ಅವರ ಕಲೆಯನ್ನು ಕೇವಲ ಅಪ್ರಜ್ಞೆಯ ಉತ್ಪನ್ನವೆಂದು ಹೇಳಿದವರುಂಟು. ಆದರೆ ಕನಸಿನಲ್ಲಿ ದೇವರು ರೂಪು ತೋರುವುದು, ಅದರಂತೆ ಮೂರ್ತಿಯನ್ನೋ ಚಿತ್ರವನ್ನೋ ಮಾಡುವುದು ಭಾರತೀಯ ಜನಪದ ನಂಬಿಕೆಯಲ್ಲಿ ಸುಪರಿಚಿತವಾದ ಆಶಯ. ದೇವಾಲಯಗಳ ಸ್ಥಳಪುರಾಣಗಳಲ್ಲಿ, ಹರಕೆಯ ಕಥೆಗಳಲ್ಲಿ ಇದು ಮತ್ತೆ ಮತ್ತೆ ಬರುತ್ತದೆ. ಕನಸು ಇಲ್ಲಿ ಅಜ್ಞಾನದ ಸೂಚನೆಯಲ್ಲ. ಚಿತ್ರ ಎಲ್ಲಿಂದ ಬಂತು ಎಂಬ ಪ್ರಶ್ನೆಗೆ ಪರಂಪರೆ ಒದಗಿಸಿದ ಉತ್ತರ.

4. ಸ್ತ್ರೀಚಿತ್ರಗಳ ಸ್ವರೂಪ

ಸುನಯನಿಯವರು ಪುರುಷಾಕೃತಿಗಳನ್ನು ಬರೆಯಲಿಲ್ಲವೆಂದಲ್ಲ. ಬಾಲಕೃಷ್ಣ, ಶಿವ, ಬಾವುಲ ಗಾಯಕರು ಅವರ ಚಿತ್ರಗಳಲ್ಲಿದ್ದಾರೆ. ಆದರೆ ಅವರ ಕೃತಿಗಳ ಕೇಂದ್ರ ಹೆಣ್ಣೇ. ರಾಧೆ, ಯಶೋದೆ, ಹಾಲು ಮಾರುವ ಗೊಲ್ಲತಿಯರು, ವಧು, ತಾಯಿ, ಸಾಧಿಕೆ, ಗಿಳಿಯನ್ನು ಹಿಡಿದ ಹೆಂಗಸು, ಅಲ್ಲದೆ ತಮ್ಮದೇ ಮುಖ, ಹೀಗೆ ವಸ್ತು ವಿಸ್ತರಿಸುತ್ತದೆ.

ಈ ಚಿತ್ರಗಳಿಗೆ ಕೆಲವು ಸಮಾನ ಲಕ್ಷಣಗಳಿವೆ. ಆಕೃತಿ ಹತ್ತಿರದಲ್ಲಿದ್ದು ಚೌಕಟ್ಟನ್ನು ಬಹುಮಟ್ಟಿಗೆ ತುಂಬಿಕೊಂಡಿರುತ್ತದೆ. ಕೋಣೆ, ಪೀಠೋಪಕರಣ, ನಿಸರ್ಗ ಮುಂತಾದ ವಿವರಗಳು ಇಲ್ಲವೆನ್ನುವಷ್ಟು ಕಡಿಮೆ. ತಲೆಯ ಮೇಲೆ ಹೊದ್ದ ಸೆರಗಿನ ಅಂಚು ಮುಖಕ್ಕೆ ಚೌಕಟ್ಟಾಗುತ್ತದೆ. ತಲೆ ತುಸು ವಾಲಿರುತ್ತದೆ. ಎಲ್ಲಕ್ಕಿಂತ ಮುಖ್ಯವಾದುದು ಕಣ್ಣು. ಕಿವಿಯತ್ತ ನೀಳವಾಗಿ ಹರಿದ, ಅರೆಮುಚ್ಚಿದ ಈ ಕಣ್ಣುಗಳು ಸಾಮಾನ್ಯವಾಗಿ ನೋಡುಗನನ್ನು ದಿಟ್ಟಿಸುವುದಿಲ್ಲ. ಅವು ಕೆಳಗೆ, ಪಕ್ಕಕ್ಕೆ ಅಥವಾ ತಮ್ಮೊಳಗೇ ನೋಡುತ್ತಿರುವಂತೆ ಇರುತ್ತವೆ.

ಭಾವ ಮತ್ತು ಅಧ್ಯಾತ್ಮಗಳನ್ನು ಇಲ್ಲಿ ಎರಡಾಗಿ ಬೇರ್ಪಡಿಸಲು ಬರುವುದಿಲ್ಲ. ಇದನ್ನು ತಿಳಿಯಲು ಬಂಗಾಳದ ವೈಷ್ಣವ ಭಕ್ತಿಶಾಸ್ತ್ರ ನೆರವಾಗುತ್ತದೆ. ಚೈತನ್ಯ ಪಂಥದ ರೂಪ ಗೋಸ್ವಾಮಿಯವರು ಹದಿನಾರನೆಯ ಶತಮಾನದಲ್ಲಿ ಭಕ್ತಿಯನ್ನು ಶಾಂತ, ದಾಸ್ಯ, ಸಖ್ಯ, ವಾತ್ಸಲ್ಯ, ಮಾಧುರ್ಯ ಎಂಬ ಐದು ಮುಖ್ಯ ಭಾವಗಳಲ್ಲಿ ನಿರೂಪಿಸಿದರು. ಮಾನವ ಸಂಬಂಧದ ಭಾವವೇ ದೈವದ ಕಡೆಗೆ ತಿರುಗಿದಾಗ ಭಕ್ತಿಯಾಗುತ್ತದೆ ಎಂಬುದು ಇದರ ತಿರುಳು. ಮಗುವನ್ನು ಎತ್ತಿಕೊಂಡ ಯಶೋದೆಯಲ್ಲಿ ವಾತ್ಸಲ್ಯವಿದೆ, ರಾಧೆಯಲ್ಲಿ ಮಾಧುರ್ಯವಿದೆ, ಸಾಧಿಕೆಯಲ್ಲಿ ಶಾಂತವಿದೆ. ಸುನಯನಿಯವರು ದೇವಿಯನ್ನು ಬರೆಯುವಾಗಲೂ ಮನೆಯ ಹೆಂಗಸನ್ನು ಬರೆಯುವಾಗಲೂ ಅದೇ ಕಣ್ಣು, ಅದೇ ವಾಲಿದ ತಲೆಯನ್ನು ಬಳಸುತ್ತಾರೆ. ಯಶೋದೆಗೂ ಸಾಮಾನ್ಯ ತಾಯಿಗೂ ಇರುವ ಅಂತರ ಹೆಸರಿನದು ಮಾತ್ರ. ಪ್ರಭಾವಳಿ, ಆಯುಧ, ಬಹುಬಾಹುಗಳ ಸಹಾಯವಿಲ್ಲದೆ, ತಾಯಿಯ ದಣಿವು ತುಂಬಿದ ಮಮತೆಯೇ ಇಲ್ಲಿ ಪೂಜ್ಯವಾಗುತ್ತದೆ.

‘ಅರ್ಧನಾರೀಶ್ವರ’ದಂತಹ ಪೌರಾಣಿಕ ವಸ್ತುವಿನ ಆಯ್ಕೆಯೂ ಈ ನೆಲೆಯಲ್ಲಿ ಅರ್ಥಪೂರ್ಣವಾಗಿದೆ. ಶಿಲ್ಪಪರಂಪರೆಯಲ್ಲಿ ಈ ರೂಪದ ಗುರುತು ಇಡೀ ದೇಹದ ಎಡಬಲಗಳ ವ್ಯತ್ಯಾಸದಲ್ಲಿರುತ್ತದೆ. ಮುಖವನ್ನೇ ಪ್ರಧಾನವಾಗಿಸಿಕೊಂಡ ಕಲಾವಿದೆಗೆ ಆ ವ್ಯತ್ಯಾಸಕ್ಕಿಂತ ಎರಡರ ಕೂಡುವಿಕೆಯೇ ಮುಖ್ಯವಾಗುತ್ತದೆ.

5. ಸಮಕಾಲೀನ ಸ್ತ್ರೀಚಿತ್ರಗಳೊಡನೆ ಹೋಲಿಕೆ

ಸುನಯನಿಯವರು ಬೆಳೆದ ಕಾಲದಲ್ಲಿ ಹೆಣ್ಣಿನ ಚಿತ್ರಗಳಿಗೆ ಕೊರತೆಯಿರಲಿಲ್ಲ. ಆದರೆ ಅವನ್ನು ಬರೆದವರು ಬಹುತೇಕ ಗಂಡಸರು. ರವಿವರ್ಮನ (1848-1906) ನಾಯಿಕೆಯರು ರಂಗಭೂಮಿಯ ಬೆಳಕಿನಲ್ಲಿ ನಿಂತವರು. ಮೈಸೂರಿನ ಜಗನ್ಮೋಹನ ಅರಮನೆಯ ಚಿತ್ರಶಾಲೆಯಲ್ಲಿ ಅವನ ತೈಲಚಿತ್ರಗಳನ್ನು ಕಂಡವರಿಗೆ ಸೀರೆಯ ಜರಿ, ಆಭರಣದ ಹೊಳಪು, ಮೈಬಣ್ಣದ ನಯ ಇವುಗಳ ಆಕರ್ಷಣೆ ಪರಿಚಿತವೇ. ಅಲ್ಲಿ ಹೆಣ್ಣು ನೋಡಲ್ಪಡುವವಳು.

ಕಾಳೀಘಾಟ್ ಪಟಗಳಲ್ಲಿ ದೇವಿಯರ ಜೊತೆಗೆ ನಗರದ ಹೆಂಗಸೂ ಕಾಣಿಸಿಕೊಂಡಳು; ಆದರೆ ಹೆಚ್ಚಾಗಿ ವಿಡಂಬನೆಯ ವಸ್ತುವಾಗಿ. ವಿಲಾಸಿ ಬಾಬುವಿನ ಕೊರಳುಪಟ್ಟಿ ಹಿಡಿದ ಬೀಬಿ, ಗಂಡನನ್ನು ಕಾಲಡಿ ಹಾಕಿಕೊಂಡ ಹೆಂಡತಿ ಅಲ್ಲಿನ ಮೆಚ್ಚಿನ ಚಿತ್ರಗಳು. 1873ರಲ್ಲಿ ತಾರಕೇಶ್ವರದ ಮಹಂತನೊಡನೆ ಹೆಸರು ತಳುಕುಹಾಕಿಕೊಂಡು ಗಂಡನಿಂದ ಕೊಲೆಯಾದ ಎಲೋಕೇಶಿ ಎಂಬ ತರುಣಿಯ ಪ್ರಕರಣವಂತೂ ಪಟುವಾಗಳಿಗೆ ವರ್ಷಗಟ್ಟಲೆ ವಸ್ತುವಾಯಿತು. ಸುನಯನಿಯವರು ಈ ಪಟಗಳಿಂದ ಬಾಗುರೇಖೆಯನ್ನು, ಖಾಲಿ ಹಿನ್ನೆಲೆಯನ್ನು, ನೀಳ ಕಣ್ಣನ್ನು ಪಡೆದರು. ಅವುಗಳ ಅಪಹಾಸ್ಯವನ್ನು ಪಡೆಯಲಿಲ್ಲ. ಅಣ್ಣ ಗಗನೇಂದ್ರನಾಥರು ವ್ಯಂಗ್ಯಚಿತ್ರಗಳಲ್ಲಿ ಆ ವಿಡಂಬನೆಯ ಗುಣವನ್ನು ಹೊಸದಾಗಿ ಬೆಳೆಸಿದರು. ಒಂದೇ ಜನಪದ ಮೂಲವು ಒಡಹುಟ್ಟಿದವರಲ್ಲಿ ಎರಡು ದಿಕ್ಕಿಗೆ ಹರಿದುದನ್ನು ಇಲ್ಲಿ ಕಾಣಬಹುದು.

1905ರ ವಂಗಭಂಗದ ಸಂದರ್ಭದಲ್ಲಿ ಅವನೀಂದ್ರನಾಥರು ಬರೆದ ‘ಭಾರತಮಾತೆ’ ಇನ್ನೊಂದು ಹೋಲಿಕೆಗೆ ಅವಕಾಶ ಕೊಡುತ್ತದೆ. ಕಾವಿಯುಟ್ಟ ನಾಲ್ಕು ಕೈಗಳ ಆ ಹೆಣ್ಣು ರಾಷ್ಟ್ರದ ಪ್ರತೀಕ. ಸುಮಾರು ಅದೇ ಕಾಲದಲ್ಲಿ ಕುಂಚ ಹಿಡಿದ ತಂಗಿಯ ಚಿತ್ರಗಳಲ್ಲಿ ಹೆಣ್ಣು ಯಾವುದರ ಪ್ರತೀಕವೂ ಆಗದೆ ತನ್ನಷ್ಟಕ್ಕೆ ತಾನಿರುತ್ತಾಳೆ. ತಾಯಿ, ವಧು, ಸಾಧಿಕೆ ಎಂಬ ಪಾತ್ರಗಳಲ್ಲಿದ್ದೂ ಅವಳು ತನ್ನದೇ ಯೋಚನೆಯಲ್ಲಿರುವವಳು. ಅಂತಃಪುರದ ಹೊರಗಿನವರಿಗೆ ಕಾಣಸಿಗದ ಈ ಏಕಾಂತವನ್ನು ಒಳಗಿನವಳೇ ಬರೆದುದು ಈ ಚಿತ್ರಗಳ ವಿಶೇಷ.

ಜಾಮಿನಿ ರಾಯ್ (1887-1972) ಅವರ ಹೋಲಿಕೆಯೂ ಅನಿವಾರ್ಯ. ಸರ್ಕಾರಿ ಕಲಾಶಾಲೆಯಲ್ಲಿ ಪಾಶ್ಚಾತ್ಯ ಶೈಲಿಯನ್ನು ಕಲಿತ ಅವರು 1920ರ ದಶಕದಲ್ಲಿ ಅದನ್ನು ಬಿಟ್ಟು ಪಟದ ಕಡೆಗೆ ತಿರುಗಿದರು. ಬಂಗಾಳದ ಪಟವನ್ನು ಆಧುನಿಕ ಕಲೆಗೆ ತಂದ ಕೀರ್ತಿ ಸಾಮಾನ್ಯವಾಗಿ ಅವರಿಗೆ ಸಲ್ಲುತ್ತದೆ. ಆದರೆ ಅದಕ್ಕೂ ಮೊದಲೇ ಪಟದ ರೂಪಗಳನ್ನು ತಮ್ಮದಾಗಿಸಿಕೊಂಡಿದ್ದವರು ಸುನಯನಿ. ಜಾಮಿನಿ ರಾಯ್ ಅವರದು ಕಲಿತುದನ್ನು ಮರೆತು ಮಾಡಿದ ಆಯ್ಕೆ. ಸುನಯನಿಯವರದು ಕಂಡುದನ್ನು ಮರೆಯದೆ ಮಾಡಿದ ಮುಂದುವರಿಕೆ.

6. ವಿಮರ್ಶೆಯ ದಾರಿ ಮತ್ತು ಮೌಲ್ಯಮಾಪನ

ಸುನಯನಿಯವರು ತಮ್ಮ ಕಾಲದಲ್ಲಿ ಅಜ್ಞಾತರಾಗಿರಲಿಲ್ಲ. ಇಂಡಿಯನ್ ಸೊಸೈಟಿ ಆಫ್ ಓರಿಯೆಂಟಲ್ ಆರ್ಟ್ ಸಂಸ್ಥೆಯ ಪ್ರದರ್ಶನಗಳಲ್ಲಿ ಅವರ ಚಿತ್ರಗಳು ಕಾಣಿಸಿಕೊಂಡವು. ಅದೇ ಸಂಸ್ಥೆ 1922ರ ಡಿಸೆಂಬರಿನಲ್ಲಿ ಕಲ್ಕತ್ತೆಯಲ್ಲಿ ಏರ್ಪಡಿಸಿದ ಹದಿನಾಲ್ಕನೆಯ ವಾರ್ಷಿಕ ಪ್ರದರ್ಶನಕ್ಕೆ ಕ್ರಾಮ್ರಿಶ್ ಅವರ ಪ್ರಯತ್ನದಿಂದ ಜರ್ಮನಿಯ ಬೌಹೌಸ್ ಶಾಲೆಯ ಪೌಲ್ ಕ್ಲೀ, ಕ್ಯಾಂಡಿನ್‌ಸ್ಕಿ ಮೊದಲಾದವರ ಕೃತಿಗಳು ಬಂದವು. ಅಲ್ಲಿ ಅವುಗಳ ಜೊತೆಯಲ್ಲಿ ಸುನಯನಿಯವರ ಚಿತ್ರಗಳೂ ಇದ್ದವು. ಈ ಘಟನೆಯನ್ನು ಮರುಕಟ್ಟಿಕೊಟ್ಟ ಪ್ರದರ್ಶನವೊಂದು 2013ರಲ್ಲಿ ಜರ್ಮನಿಯ ಡೆಸೌ ನಗರದಲ್ಲಿ ನಡೆಯಿತು. ಕ್ರಾಮ್ರಿಶ್ ಅವರು 1920ರ ದಶಕದಲ್ಲಿಯೇ ಸುನಯನಿಯವರ ಬಗೆಗೆ ಬರೆದು, ಯುರೋಪಿನ ಓದುಗರಿಗೂ ಅವರನ್ನು ಪರಿಚಯಿಸಿದರು.

ಕ್ರಾಮ್ರಿಶ್ ಅವರ ಮೆಚ್ಚುಗೆಯಲ್ಲಿ ಒಂದು ತೊಡಕೂ ಇತ್ತು. ವಸಾಹತು ಶಿಕ್ಷಣದಿಂದ ಕೆಡದ, ಹಳ್ಳಿಯ ಕಲೆಯಂತೆ ಸಹಜವಾದ ಭಾರತೀಯತೆಯನ್ನು ಅವರು ಈ ಚಿತ್ರಗಳಲ್ಲಿ ಕಂಡರು. ‘ಸಹಜ’ ಎಂಬ ಈ ಹೊಗಳಿಕೆಯೇ ಮುಂದೆ ‘ಮುಗ್ಧ’ ಎಂಬ ವರ್ಗೀಕರಣವಾಗಿ ಗಟ್ಟಿಯಾಯಿತು. ಪಾರ್ಥ ಮಿತ್ತರ್ ಅವರು ಭಾರತೀಯ ಆಧುನಿಕತೆಯನ್ನು ಕುರಿತು 2007ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಸುನಯನಿಯವರಿಗೆ ಗಮನಾರ್ಹ ಸ್ಥಾನ ನೀಡಿ, ಆ ಕಾಲದ ರಾಷ್ಟ್ರೀಯತೆ ಮತ್ತು ಆದಿಮತೆಯ ಕಲ್ಪನೆಗಳ ಹಿನ್ನೆಲೆಯಲ್ಲಿ ಅವರನ್ನು ಚರ್ಚಿಸಿದ್ದಾರೆ. ಆ ಬಳಿಕ ಅವರ ಬಗೆಗಿನ ಆಸಕ್ತಿ ಹೆಚ್ಚಿದೆ.

ಈ ಸಂದರ್ಭದಲ್ಲಿ ಒಂದು ಅಸಮತೆಯನ್ನು ಗುರುತಿಸಬೇಕಾಗಿದೆ. ರವೀಂದ್ರನಾಥರು ಯಾವ ಕಲಾಶಾಲೆಯಲ್ಲಿಯೂ ಪದವಿ ಪಡೆದವರಲ್ಲ. ಅರವತ್ತು ದಾಟಿದ ಮೇಲೆ ಚಿತ್ರರಚನೆಗೆ ತೊಡಗಿ, 1930ರಲ್ಲಿ ಪ್ಯಾರಿಸ್ಸಿನಲ್ಲಿ ಮೊದಲ ಪ್ರದರ್ಶನ ನಡೆಸಿದರು. ಗಗನೇಂದ್ರನಾಥರೂ ಬಹುಮಟ್ಟಿಗೆ ಸ್ವಂತ ಅಭ್ಯಾಸದಿಂದಲೇ ಬೆಳೆದವರು. ಆದರೆ ಅವರ ವಿಷಯದಲ್ಲಿ ಶಾಲಾಶಿಕ್ಷಣದ ಅಭಾವವನ್ನು ಸ್ವಾತಂತ್ರ್ಯವೆಂದು, ಪ್ರಯೋಗಶೀಲತೆಯೆಂದು ವಿವರಿಸಲಾಗುತ್ತದೆ. ಅದೇ ಅಭಾವ ಸುನಯನಿಯವರ ವಿಷಯದಲ್ಲಿ ಮುಗ್ಧತೆಯಾಗುತ್ತದೆ.

ಇದು ಬರಿಯ ಪದಗಳ ಪ್ರಶ್ನೆಯಲ್ಲ. 1972ರ ಪುರಾವಸ್ತು ಮತ್ತು ಕಲಾನಿಧಿ ಕಾಯ್ದೆಯಡಿಯಲ್ಲಿ ಭಾರತ ಸರ್ಕಾರವು ರವಿವರ್ಮ, ಅವನೀಂದ್ರನಾಥ, ಗಗನೇಂದ್ರನಾಥ, ರವೀಂದ್ರನಾಥ, ನಂದಲಾಲ್ ಬೋಸ್, ಜಾಮಿನಿ ರಾಯ್, ಅಮೃತಾ ಶೇರ್‌ಗಿಲ್, ಶೈಲೋಜ ಮುಖರ್ಜಿ ಮತ್ತು ನಿಕೊಲಸ್ ರೋರಿಕ್ ಎಂಬ ಒಂಬತ್ತು ಕಲಾವಿದರ ಕೃತಿಗಳನ್ನು ರಾಷ್ಟ್ರೀಯ ಕಲಾನಿಧಿಗಳೆಂದು ಸಾರಿತು. ಇವರ ಚಿತ್ರಗಳನ್ನು ದೇಶದ ಹೊರಕ್ಕೆ ಮಾರುವಂತಿಲ್ಲ. ಠಾಕೂರ್ ಮನೆಯ ಮೂವರು, ಪಟವನ್ನು ಆಧುನಿಕಗೊಳಿಸಿದ ಒಬ್ಬರು, ಮಹಿಳೆಯರಲ್ಲಿ ಒಬ್ಬರು ಈ ಪಟ್ಟಿಯಲ್ಲಿದ್ದಾರೆ. ಮೂರೂ ನೆಲೆಗಳಿಗೆ ಸೇರಿದ ಸುನಯನಿಯವರು ಇಲ್ಲ. ನವದೆಹಲಿಯ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯದಲ್ಲಿರುವ ಅವರ ಕೃತಿಗಳು ಸುರಕ್ಷಿತ. ಖಾಸಗಿ ಒಡೆತನದಲ್ಲಿರುವ ಚಿತ್ರಗಳಿಗೆ ಈ ರಕ್ಷಣೆಯಿಲ್ಲ. ನೀರಿನಲ್ಲಿ ತೊಯ್ದು ಸಿದ್ಧವಾದ ಕಾಗದದ ಚಿತ್ರಗಳು ಬೆಳಕಿಗೂ ತೇವಕ್ಕೂ ಬೇಗ ಸೋಲುತ್ತವೆ. ಹೆಸರಿನ ಕೆಳಗಿನ ಒಂದು ವಿಶೇಷಣ ಹೀಗೆ ಕೃತಿಗಳ ಉಳಿವಿನವರೆಗೂ ತನ್ನ ನೆರಳನ್ನು ಚಾಚುತ್ತದೆ.

7. ಸಮಾರೋಪ

1962ರ ಫೆಬ್ರವರಿಯಲ್ಲಿ ಸುನಯನಿ ದೇವಿಯವರು ನಿಧನರಾದರು. ಅಣ್ಣಂದಿರು ಚಿತ್ರ ಬರೆದ ಐದನೇ ನಂಬರಿನ ಮನೆಯೂ ಇಂದು ಉಳಿದಿಲ್ಲ. ಉಳಿದಿರುವುದು ಕಾಗದದ ಮೇಲೆ ಮಂದಬಣ್ಣದಲ್ಲಿ ಮೂಡಿದ ಹೆಣ್ಣಿನ ಮುಖಗಳು.

ಈವರೆಗಿನ ವಿವೇಚನೆಯಿಂದ ಕೆಲವು ಮಾತುಗಳನ್ನು ಸಂಗ್ರಹವಾಗಿ ಹೇಳಬಹುದು. ಸುನಯನಿಯವರ ಕಲೆ ಗುರುವಿಲ್ಲದ ಕಲೆಯಾದರೂ ಮೂಲವಿಲ್ಲದ ಕಲೆಯಲ್ಲ. ಪಟ, ಗೊಂಬೆ, ವ್ರತ, ಚಿತ್ತಾರ, ದೇವರಕೋಣೆ ಮತ್ತು ಅಣ್ಣಂದಿರ ಜಗುಲಿ ಅವರ ಪಾಠಶಾಲೆಗಳು. ಅವರ ಸ್ತ್ರೀಚಿತ್ರಗಳ ಭಾವತೀವ್ರತೆಯು ವೈಷ್ಣವ ಭಕ್ತಿಯ ಬುನಾದಿಯ ಮೇಲೆ ನಿಂತಿದ್ದು, ಅಲ್ಲಿ ಲೌಕಿಕ ಮಮತೆ ಮತ್ತು ದೈವೀಭಾವಗಳು ಒಂದೇ ಮುಖದಲ್ಲಿ ನೆಲೆಗೊಳ್ಳುತ್ತವೆ. ನೋಡಲ್ಪಡುವ ಹೆಣ್ಣಿನ ಬದಲು ತನ್ನೊಳಗೆ ನೋಡುವ ಹೆಣ್ಣನ್ನು ಅವರು ಬರೆದರು.

ಕಲಾಚರಿತ್ರೆ ಶಾಲೆಗಳ ಚರಿತ್ರೆಯಾಗಿಯೇ ಉಳಿದರೆ ಇಂತಹ ಕಲಾವಿದೆಯರು ಅಡಿಟಿಪ್ಪಣಿಗಳಲ್ಲಿಯೇ ಉಳಿಯುತ್ತಾರೆ. ಮನೆಯನ್ನೂ ಒಂದು ಕಲಿಕೆಯ ಕೇಂದ್ರವೆಂದು ಒಪ್ಪುವ ಜಾನಪದ ಅಧ್ಯಯನದ ದೃಷ್ಟಿ ಈ ಕೊರತೆಯನ್ನು ತುಂಬಬಲ್ಲುದು. ಬಂಗಾಳದಲ್ಲಿ ಮಾತ್ರವಲ್ಲದೆ ಕರ್ನಾಟಕದಲ್ಲಿಯೂ ಕಸೂತಿ, ಕೌದಿ, ಹಸೆಗಳಿಂದ ಕಣ್ಣು ಪಳಗಿಸಿಕೊಂಡು ಕಾಗದ, ಬಟ್ಟೆಗಳ ಮೇಲೆ ಬರೆದ ಗೃಹಿಣಿಯರ ಚಿತ್ರಗಳನ್ನು ಹುಡುಕಿ, ಬರೆದವರ ಹೆಸರಿನೊಡನೆ ದಾಖಲಿಸುವ ಕೆಲಸವನ್ನು ಸಂಶೋಧಕರು ಮತ್ತು ಗ್ರಂಥಾಲಯಗಳು ತಡಮಾಡದೆ ಕೈಗೆತ್ತಿಕೊಳ್ಳಬೇಕಾಗಿದೆ.